ಜಲಾಂತರ್ಗಾಮಿಯ ಬೆನ್ನ ಮೇಲಿನ ಅಪಾಯ

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿ, ಯಾದಗಿರಿ ಕಡೆಯ ಹುಡುಗರು ನೌಕಾಪಡೆಗೆ ಹೊರಟರೆ ಮನೆಯವರಿಗೆ ಒಂದೇ ದಿಗಿಲು: ಮುಳುಗಿದ ಜಲಾಂತರ್ಗಾಮಿ ಮೇಲೇಳದಿದ್ದರೆ? ಮೇಲೆದ್ದ ಮೇಲೆ ಅದರ ಡೆಕ್ಕಿನಲ್ಲಿ ನಿಂತು ಮಾಡುವ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲ.

2006ರ ಡಿಸೆಂಬರ್ 29ರಂದು ಅಮೆರಿಕದ ಜಲಾಂತರ್ಗಾಮಿ ‘ಮಿನಿಯಾಪೊಲಿಸ್–ಸೇಂಟ್ ಪಾಲ್’ ಇಂಗ್ಲೆಂಡಿನ ಪ್ಲಿಮತ್ ಬಂದರು ಬಿಡುವಾಗ ಡೆಕ್ಕಿನಲ್ಲಿದ್ದ ನಾಲ್ವರನ್ನು ಅಲೆ ಎಳೆದೊಯ್ದಿತು. ಇಬ್ಬರು ಸತ್ತರು. ದಡ ಇನ್ನೂ ಹತ್ತಿರದಲ್ಲೇ ಇತ್ತು.

ಹಡಗು ಅಲೆಯನ್ನು ಹತ್ತಿ ಇಳಿಯುತ್ತದೆ. ಜಲಾಂತರ್ಗಾಮಿ ಮೇಲೆದ್ದಾಗಲೂ ಅದರ ಒಡಲು ಬಹುಪಾಲು ನೀರೊಳಗೇ ಇರುವುದರಿಂದ ಅಲೆಯೇ ಅದರ ಮೇಲೆ ಹಾಯುತ್ತದೆ. ಬೆನ್ನು ದುಂಡಗೆ, ಅಂಚಿಗೆ ಹಿಡಿಯಲು ಕಂಬಿ ಇಲ್ಲ. ಒಂದು ಘನ ಮೀಟರ್ ಕಡಲ ನೀರಿನ ತೂಕ ಸುಮಾರು 1,025 ಕೆ.ಜಿ.; ಹತ್ತು ಕ್ವಿಂಟಲ್ ತೊಗರಿ ಒಮ್ಮೆಲೇ ಮೊಣಕಾಲಿಗೆ ಬಡಿದರೆ ಯಾರು ನಿಂತಾರು?

ಎದೆಗೆ ಬಿಗಿದ ಬೆಲ್ಟಿನ ಹಗ್ಗವನ್ನು ಡೆಕ್ಕಿನ ಉದ್ದಕ್ಕೂ ಇರುವ ಹಳಿಗೆ ಕೊಕ್ಕೆಯಿಂದ ಸಿಕ್ಕಿಸುತ್ತಾರೆ. ಎರಡು ಹಗ್ಗವಿದ್ದರೆ ಒಂದನ್ನು ಬಿಚ್ಚಿ ಮುಂದೆ ಹಾಕುವಾಗ ಇನ್ನೊಂದು ಹಿಡಿದಿರುತ್ತದೆ. ಆದರೆ ಹಗ್ಗ ಉದ್ದವಾಯಿತೋ, ಅದೇ ಕಂಟಕ: ಬಿದ್ದವನು ಪಕ್ಕಕ್ಕೆ ನೇತಾಡುತ್ತಾನೆ, ಪ್ರತಿ ಅಲೆಯೂ ಅವನನ್ನು ಉಕ್ಕಿಗೆ ಅಪ್ಪಳಿಸುತ್ತದೆ. ಲೈಫ್‌ಜಾಕೆಟ್ಟಿನ ತೊಡೆಸಂದಿಯ ಪಟ್ಟಿ ಕಟ್ಟದಿದ್ದರೆ ಗಾಳಿ ತುಂಬಿದ ಜಾಕೆಟ್ ಮುಖದ ಮೇಲೇರುತ್ತದೆ. ‘ಇರಿಸುಮುರಿಸು’ ಎಂದು ಕಟ್ಟದೆ ಬಿಡುವುದು ಈ ಪಟ್ಟಿಯನ್ನೇ.

ಹ್ಯಾಚ್‌ನದು ಇನ್ನೂ ಕಠಿಣ ಲೆಕ್ಕ. ಒಳಗಿಳಿಯುವ ಈ ಬಾಗಿಲನ್ನು ಹೊರಗಿನವರು ಓಡಿಬರಲೆಂದು ತೆರೆದಿಟ್ಟರೆ ನೀರು ಒಳಗೆ ನುಗ್ಗುತ್ತದೆ. 2004ರ ಅಕ್ಟೋಬರಿನಲ್ಲಿ ಕೆನಡಾದ ಜಲಾಂತರ್ಗಾಮಿ ‘ಶಿಕೂಟಿಮಿ’ಯ ಗೋಪುರದ ತೆರೆದ ಹ್ಯಾಚ್‌ಗಳಿಂದ ಹೀಗೇ ನೀರು ಇಳಿದು, ವಿದ್ಯುತ್ ತಂತಿಗೆ ಬೆಂಕಿ ಹತ್ತಿ ಒಬ್ಬ ಅಧಿಕಾರಿ ಸತ್ತರು. ಮುಚ್ಚಿದರೆ ಹೊರಗಿದ್ದವರಿಗೆ ಆಸರೆಯಿಲ್ಲ. ಆದ್ದರಿಂದ ಹಗ್ಗ ಸುತ್ತಿಡುವುದು, ಬೊಲ್ಲಾರ್ಡ್ (ಹಗ್ಗ ಕಟ್ಟುವ ಗೂಟ) ಮಡಚುವುದು ಎಲ್ಲವೂ ಬಂದರಿನ ತಡೆಗೋಡೆಯ ಒಳಗೇ ಮುಗಿಯಬೇಕು.

ಯಾರಾದರೂ ಬಿದ್ದರೆ ಬಿದ್ದ ಕಡೆಗೇ ಚುಕ್ಕಾಣಿ ತಿರುಗಿಸಬೇಕು. ಆಗ ಹಿಂಭಾಗ, ಜೊತೆಗೆ ಪ್ರೊಪೆಲ್ಲರ್, ಅವನಿಂದ ದೂರ ಸರಿಯುತ್ತದೆ. ಭೀಮೆಯಲ್ಲಿ ಈಜು ಕಲಿತವನಿಗೂ ತಣ್ಣನೆಯ ಕಡಲಿನಲ್ಲಿ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗದು. ನುಣುಪಾದ ಒಡಲಿಗೆ ಹತ್ತಲೂ ಆಗದು, ಬಲೆಯೇಣಿಯೂ ಹಗ್ಗ ಕಟ್ಟಿದ ಮುಳುಗುಗಾರನೂ ಸಿದ್ಧವಿರಲೇಬೇಕು.

ನಮ್ಮಲ್ಲಿನ ತರಬೇತಿ ಕೇಂದ್ರಗಳು ಓಟ, ದಂಡ, ಬಸ್ಕಿಗಷ್ಟೇ ನಿಲ್ಲುತ್ತವೆ. ಕೊಕ್ಕೆ ಹಾಕುವುದನ್ನೂ ಪಟ್ಟಿ ಬಿಗಿಯುವುದನ್ನೂ ಒಂದು ದಿನ ಕೈಯಾರೆ ಮಾಡಿಸಲಿ.

– ಕೆಲವು ನಿವೃತ್ತ ನಾವಿಕರು, ಕಲಬುರಗಿ