ಬಿದ್ದವರು ಎಲ್ಲಿದ್ದಾರೆ ಎಂದು ಹೇಳುವ ಸಣ್ಣ ಡಬ್ಬಿ

ಮಾನ್ಯರೆ,

ಕಾಡು, ಗುಡ್ಡಗಳಲ್ಲಿ ನಡೆಯುವ ದೂರದ ಓಟಗಳಿಗೆ ನಾನು ಸ್ವಯಂಸೇವಕಿಯಾಗಿ ಹೋಗುತ್ತೇನೆ. ಕೊನೆಯ ಓಟಗಾರರ ಹಿಂದೆಯೇ ಬರುವ ಕೆಲಸ ಹೆಚ್ಚಾಗಿ ನನ್ನದು. ಎದೆಗೊಂದು ನಂಬರು, ಕಾಲಿಗೊಂದು ಚಿಪ್ ಕೊಟ್ಟರೆ ಎಲ್ಲರ ಲೆಕ್ಕ ಸಿಕ್ಕಂತೆ ಎಂದು ಆಯೋಜಕರು ತಿಳಿದಿರುತ್ತಾರೆ. ಆದರೆ ಆ ಚಿಪ್ ಓದಿಸಿಕೊಳ್ಳುವುದು, ದಾರಿಯಲ್ಲಿ ಅಲ್ಲಲ್ಲಿ ಹಾಸಿರುವ ಚಿಪ್ ಓದುವ ಮ್ಯಾಟ್ ದಾಟುವಾಗ ಮಾತ್ರ. ಎರಡು ಮ್ಯಾಟ್‌ಗಳ ನಡುವೆ ಯಾರಾದರೂ ಬಿದ್ದರೆ, ನಾನು ಅಲ್ಲಿಗೆ ತಲುಪುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ದಾರಿ ಬಿಟ್ಟು ಹೋಗಿದ್ದರೆ ನನಗೂ ಗೊತ್ತಾಗುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನ ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ 18 ವರ್ಷದ ಸ್ವಿಸ್ ಹುಡುಗಿ ಮ್ಯೂರಿಯಲ್ ಫ್ಯೂರರ್ ಕಾಡಿನ ಭಾಗದಲ್ಲಿ ಬಿದ್ದಳು. ಬಹಳ ಹೊತ್ತು ಯಾರ ಗಮನಕ್ಕೂ ಬರಲಿಲ್ಲ. ಮರುದಿನ ತೀರಿಕೊಂಡಳು. ಮುಂದಿನ ವರ್ಷ ರುವಾಂಡಾದ ಕಿಗಾಲಿಯಲ್ಲಿ ನಡೆದ ಇದೇ ಚಾಂಪಿಯನ್‌ಷಿಪ್‌ನಲ್ಲಿ ಸವಾರರಿಗೆಲ್ಲ ಜಿಪಿಎಸ್ ಟ್ರ್ಯಾಕರ್ ಬಂತು. ವಿಶ್ವಮಟ್ಟದ ಪಂದ್ಯದಲ್ಲೇ ಹೀಗಾದರೆ ಸಣ್ಣಪುಟ್ಟ ಓಟಗಳ ಗತಿ ಏನು?

ಮೊಬೈಲ್ ಆ್ಯಪ್ ಇದೆಯಲ್ಲ ಅನ್ನುತ್ತಾರೆ. ಗುಡ್ಡದ ಹಿಂದೆ ನೆಟ್‌ವರ್ಕ್ ಸಿಗಬೇಕಲ್ವಾ? ಇಂಥ ಕಡೆ ಲೋರಾ (ಸಣ್ಣ ಸಂದೇಶಗಳನ್ನು ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಕಳಿಸುವ) ರೇಡಿಯೊ ಇರುವ ಟ್ರ್ಯಾಕರ್ ಡಬ್ಬಿ ಅಗ್ಗ, ಸುಲಭ. ಸಿಮ್ ಬೇಡ, ಟವರ್ ಬೇಡ. ಎತ್ತರದಲ್ಲಿ ಒಂದು ರಿಸೀವರ್ ಇಟ್ಟು, ನಡುವೆ ಅಡ್ಡ ಏನೂ ಇಲ್ಲದಿದ್ದರೆ ಹಲವು ಕಿಲೋಮೀಟರ್ ದೂರದಿಂದಲೂ ಸಂದೇಶ ಬರುತ್ತದೆ. ಕಳಿಸಬೇಕಾದ್ದೂ ಜಾಸ್ತಿ ಇಲ್ಲ. ಓಟಗಾರರ ನಂಬರು, ಅಕ್ಷಾಂಶ, ರೇಖಾಂಶ, ಉಳಿದ ಬ್ಯಾಟರಿ, ಎಲ್ಲ ಸೇರಿ 20 ಬೈಟ್‌ನೊಳಗೆ ಮುಗಿಯುತ್ತದೆ. ಫುಟ್‌ಬಾಲ್ ಆಟಗಾರರು ಅಂಗಿಯೊಳಗೆ ಹಾಕಿಕೊಳ್ಳುವ ಜಿಪಿಎಸ್ ಸೆಕೆಂಡಿಗೆ 10 ಸಲ ಜಾಗ ಗುರುತಿಸುತ್ತದೆ. ನಮಗೆ ಅದೆಲ್ಲ ಯಾಕೆ? ನಿಮಿಷಕ್ಕೊಮ್ಮೆ ಸಾಕು. ಐದಾರು ಮೀಟರ್ ಆಚೀಚೆ ತೋರಿಸಿದರೂ ಹುಡುಕಲು ಹೋದವರ ಕಣ್ಣಿಗೆ ಮನುಷ್ಯ ಬೀಳುತ್ತಾನೆ.

ಎಲ್ಲ ಡಬ್ಬಿಗಳೂ ಒಂದೇ ಸಲ ಮಾತಾಡಿದರೆ ಯಾರದ್ದೂ ಕೇಳಿಸುವುದಿಲ್ಲ, ನಿಜ. ಇದಕ್ಕೂ ದಾರಿ ಇದೆ. ಜಿಪಿಎಸ್ ಜಾಗದ ಜೊತೆ ಕರಾರುವಾಕ್ಕಾದ ಸಮಯವನ್ನೂ ಕೊಡುತ್ತದೆ. 12ನೇ ನಂಬರಿನವರ ಡಬ್ಬಿ ಪ್ರತಿ ನಿಮಿಷದ 12ನೇ ಸೆಕೆಂಡಿನಲ್ಲಿ, 13ರದ್ದು 13ನೇ ಸೆಕೆಂಡಿನಲ್ಲಿ ಕಳಿಸುವಂತೆ ಮಾಡಬಹುದು. ಜನ 60ಕ್ಕಿಂತ ಹೆಚ್ಚಾದರೆ ಸರದಿಯನ್ನು ಎರಡು ನಿಮಿಷಕ್ಕೆ ಹಿಗ್ಗಿಸಿದರಾಯಿತು.

ಇನ್ನು ಕಟ್ಟುವ ಜಾಗ. ಓಟಗಾರರು ಅದನ್ನು ಸೊಂಟದ ಚೀಲದಲ್ಲಿ ನೀರಿನ ಬಾಟಲಿ ಪಕ್ಕ ತುರುಕಿಬಿಡುತ್ತಾರೆ. ಮೈಯಲ್ಲೂ ನೀರು, ಬಾಟಲಿಯಲ್ಲೂ ನೀರು. ಎರಡೂ ಸೇರಿ ಸಿಗ್ನಲ್ ನುಂಗುತ್ತವೆ. ಬೆನ್ನುಚೀಲದ ಭುಜಪಟ್ಟಿಯ ಮೇಲೆ, ಆಂಟೆನಾ ನೆಟ್ಟಗೆ ನಿಲ್ಲುವಂತೆ ಕಟ್ಟಿದರೆ ಅದೇ ಡಬ್ಬಿ ತುಂಬಾ ದೂರ ಮುಟ್ಟುತ್ತದೆ.

ಸುಮ್ನೆ ಡಬ್ಬಿ ಹಂಚಿದರೆ ಸಾಲದು. ಓಟಗಾರರನ್ನು ನಕ್ಷೆಯ ಮೇಲೆ ಚುಕ್ಕಿಗಳಾಗಿ ತೋರಿಸುವ ಪರದೆ ಮುಂದೆ ಒಬ್ಬರು ಕೂತಿರಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು. ಮೂರು ಸರದಿ ಸಂದೇಶ ಬರದಿದ್ದರೆ, ಅಥವಾ ಚುಕ್ಕಿ ನಿಂತಲ್ಲೇ ನಿಂತಿದ್ದರೆ ಯಾರು ಹೊರಡಬೇಕು ಎಂಬುದು ಓಟಕ್ಕೆ ಮೊದಲೇ ತೀರ್ಮಾನವಾಗಿರಬೇಕು.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಲೈವ್ ನಕ್ಷೆಯ ಲಿಂಕನ್ನು ಎಲ್ಲರಿಗೂ ಹಂಚುವುದು ಈಗ ಫ್ಯಾಷನ್. ಕಾಡಿನಲ್ಲಿ ಒಂಟಿಯಾಗಿ ಓಡುತ್ತಿರುವ ಹೆಣ್ಣುಮಗಳು ಈ ಕ್ಷಣ ಎಲ್ಲಿದ್ದಾಳೆ ಎಂಬುದು ಊರಿಗೆಲ್ಲ ಯಾಕೆ ತಿಳಿಯಬೇಕು? ಆಯೋಜಕರಿಗೆ ಮತ್ತು ಆಕೆ ಹೆಸರಿಸಿದ ಒಬ್ಬರಿಗೆ ಮಾತ್ರ ಅದು ಕಾಣಲಿ. ಓಟ ಮುಗಿದು ಎಲ್ಲರೂ ಮನೆ ಸೇರಿದ ಮೇಲೆ ದಾಖಲೆ ಅಳಿಸಿಬಿಡಿ.

– ಓಟಗಳ ಸ್ವಯಂಸೇವಕಿ