ಪಾಯ ತೆಗೆಯುವ ಮುಂಚೆ

ಕ್ಯಾತ್ಸಂದ್ರ, ತುಮಕೂರು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮರಳೂರಿನ ಸೈಟಿನಲ್ಲಿ ಗುದ್ದಲಿ ಪೂಜೆಗೆ ದಿನ ನೋಡಿದ್ದೀರಿ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದಳು. ಮೇಸ್ತ್ರಿ ನಂಬಿಕಸ್ಥ, ಅಗ್ರಿಮೆಂಟು ಗಿಗ್ರಿಮೆಂಟು ಏನೂ ಬೇಡ ಅಂದಿದ್ದಾನಂತೆ, ನೀವೂ ಒಪ್ಪಿದ್ದೀರಂತೆ. ಅದನ್ನು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಕಾಗದ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿಸು.

ನಿಮ್ಮ ಮೇಸ್ತ್ರಿ ಒಳ್ಳೆಯವನೇ ಇರಬಹುದು. ನಮ್ಮ ಮನೆ ಕಟ್ಟಿದವನೂ ಕೆಟ್ಟವನಲ್ಲ. ಚದರಕ್ಕೆ ಇಷ್ಟು ಅಂತ ಬಾಯಿ ಮಾತಿನಲ್ಲಿ ಒಪ್ಪಿಕೊಂಡೆವು. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕುವವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ಸಂಪು, ಕಾಂಪೌಂಡು, ಪೋರ್ಟಿಕೋ ಬೇರೆ ಲೆಕ್ಕ ಅಂದ. ಚದರದ ರೇಟಿನಲ್ಲೇ ಎಲ್ಲ ಸೇರಿದೆ ಅಂತ ನಾನು ತಿಳಿದಿದ್ದೆ. ಅವನು ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರ ತಲೆಯಲ್ಲೂ ಬೇರೆ ಬೇರೆ ಮನೆ ಇತ್ತು, ಅಷ್ಟೇ.

ಇದರ ಜೊತೆಗೆ ನಾನು ಸೈಟಿನಲ್ಲಿ ನಿಂತು ಬಾಯಲ್ಲಿ ಹೇಳಿದ ಕೆಲಸಗಳು ಬೇರೆ. ಅಡುಗೆಮನೆ ಗೋಡೆ ಒಂದೂವರೆ ಅಡಿ ಆಚೆ ಹೋಗಲಿ, ರೂಮಿಗೆ ಒಂದು ಅಟ್ಟ ಬರಲಿ, ಹಿಂದುಗಡೆ ಸಜ್ಜಾ ಇರಲಿ ಅಂತ. ಪ್ರತಿ ಸಲವೂ ಅವನು "ಆಗ್ಲಿ ಸಾರ್, ಆಮೇಲೆ ನೋಡ್ಕೊಳ್ಳೋಣ" ಅಂತಿದ್ದ. ಎಷ್ಟಾಗುತ್ತೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಲೆಕ್ಕಕ್ಕೆ ಕೂತ ದಿನ ಎರಡು ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ ಬಂತು. ಒಂದು ರೂಪಾಯಿ ಹೆಚ್ಚಿಗೆ ಕೊಡಲ್ಲ ಅಂದೆ. ಅವನು ಕೆಲಸಕ್ಕೆ ಬರುವುದನ್ನೇ ಬಿಟ್ಟ. ಕೋಪದಲ್ಲಿ ಅವನ ಸೆಂಟ್ರಿಂಗ್ ಶೀಟುಗಳನ್ನು, ಕಾಂಕ್ರೀಟು ಹಾಕುವಾಗ ಕೆಳಗೆ ಆಸರೆ ಕೊಡುವ ತಗಡುಗಳನ್ನು, ಒಳಗಿಟ್ಟು ಬೀಗ ಹಾಕಿದೆ. ಅವನು ಸ್ಟೇಷನ್ನಿಗೆ ಹೋಗಿ ನನ್ನ ಮೇಲೆ ದೂರು ಕೊಟ್ಟ. ಗೋಡೆಗಳು ಗಾರೆ ಇಲ್ಲದೆ ಎರಡು ಮಳೆಗಾಲ ನೆನೆದವು. ನಿಮ್ಮತ್ತೆ ಆಗ ಎಷ್ಟು ಸೊರಗಿದ್ದಳು ಅಂತ ನೀನೇ ನೋಡಿದ್ದೀಯ.

ಕೊನೆಗೆ ಒಬ್ಬ ಎಂಜಿನಿಯರ್ ಟೇಪು ಹಿಡಿದು ಅಳೆದರು, ಇಬ್ಬರು ಹಿರಿಯರು ಕೂತು ಲೆಕ್ಕ ಮಾಡಿಸಿದರು. ಅವನು ಕೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವಾಗಿಯೂ ಮಾಡಿದ ಕೆಲಸವೇ. ನಾನು ಕೊಡಲೇಬೇಕಿತ್ತು. 1872ರ ಕರಾರು ಕಾಯ್ದೆಯ 70ನೇ ಕಲಮು ಇದನ್ನೇ ಹೇಳುತ್ತದೆ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬ ನಿನಗಾಗಿ ಕೆಲಸ ಮಾಡಿ, ನೀನು ಅದರ ಲಾಭ ಪಡೆದರೆ, ಪ್ರತಿಫಲ ಕೊಡಬೇಕು. ಬರೆದಿಲ್ಲ ಅನ್ನುವುದು ತಪ್ಪಿಸಿಕೊಳ್ಳುವ ದಾರಿ ಅಲ್ಲ ಪುಟ್ಟಿ. ಬಾಯಿ ಮಾತಿನ ಕರಾರೂ ಕರಾರೇ. ಆದರೆ ಮುಂದೆ ಅದನ್ನು ತೋರಿಸಿಕೊಡುವುದು ಹೇಗೆ?

ನೀವಿಬ್ಬರೂ ಬೆಂಗಳೂರಿನಿಂದ ಭಾನುವಾರ ರೈಲಿನಲ್ಲಿ ಬಂದು ನೋಡಿ ಹೋಗುವವರು. ಅವಸರದಲ್ಲಿ ನಾಲ್ಕು ಮಾತು ಹೇಳಿ ಹೊರಡುತ್ತೀರಿ. ನನಗೆ ಭಯ ಅದೇ. ಸೈಟಿನಲ್ಲಿ ಒಂದು ಲಾಂಗ್ ನೋಟ್‌ಬುಕ್ ಇಡಿ. ಹೊಸದಾಗಿ ಏನೇ ಹೇಳಿದರೂ ತಾರೀಕು, ಕೆಲಸ, ರೇಟು ಬರೆದು ಇಬ್ಬರೂ ಸಹಿ ಹಾಕಿ. ಆಗದಿದ್ದರೆ ಸಂಜೆ ವಾಟ್ಸಾಪ್‌ನಲ್ಲಾದರೂ ಕಳಿಸಿ, "ಸರಿ" ಅಂತ ಉತ್ತರ ಬರುವವರೆಗೂ ಕೆಲಸ ಶುರು ಮಾಡಿಸಬೇಡಿ.

ಅಗ್ರಿಮೆಂಟು ಸ್ಟಾಂಪ್ ಪೇಪರಿನಲ್ಲಿ ಆಗಲಿ. ಚದರ ಅಂದರೆ ನೂರು ಚದರ ಅಡಿ ಅಂತ ಎಲ್ಲರಿಗೂ ಗೊತ್ತು. ಆ ಅಳತೆಯಲ್ಲಿ ಏನೇನು ಸೇರುತ್ತದೆ ಅನ್ನುವುದರಲ್ಲೇ ಜಗಳ ಇರುವುದು. ಸಂಪು, ನೀರಿನ ಟ್ಯಾಂಕು, ಮೆಟ್ಟಿಲು, ಪೋರ್ಟಿಕೋ, ಕಾಂಪೌಂಡು ಒಂದೊಂದನ್ನೂ ಹೆಸರು ಹಿಡಿದು ಬರೆಸಿ. ಸಿಮೆಂಟು, ಕಂಬಿ ಯಾರು ತರಬೇಕು, ಯಾವ ಕಂಪನಿಯದ್ದು ಅಂತಲೂ ಇರಲಿ. ದುಡ್ಡು ಕೆಲಸ ಆದ ಹಾಗೆ ಹೋಗಲಿ: ಪಾಯಕ್ಕಿಷ್ಟು, ಲಿಂಟಲ್‌ಗಿಷ್ಟು, ಮೋಲ್ಡಿಗಿಷ್ಟು, ಗಾರೆಗಿಷ್ಟು. ಕೊನೆಯ ಸ್ವಲ್ಪ ಹಣ ಒಂದು ಮಳೆಗಾಲ ಕಳೆದ ಮೇಲೆ ಅಂತ ಮೊದಲೇ ಬರೆಸಿ. ಆದರೆ ಕೊಡಬೇಕಾದ ಕಂತನ್ನು ಒಂದು ದಿನವೂ ತಡ ಮಾಡಬೇಡಿ. ಶನಿವಾರ ಅವನು ಆಳುಗಳಿಗೆ ಬಟವಾಡೆ ಮಾಡಬೇಕು. ನಿಮ್ಮ ದುಡ್ಡು ತಡವಾದರೆ ಅವರ ಮನೆ ಒಲೆಗೆ ತೊಂದರೆ.

ಕಾಂಕ್ರೀಟಿಗೆ ದಿನಾ ನೀರು ಹಾಕುವುದು (ಕ್ಯೂರಿಂಗ್) ಯಾರು ಅಂತಲೂ ಬರೆಸು. ಇದು ಸಣ್ಣ ವಿಷಯ ಅನ್ನಿಸುತ್ತೆ, ಅಲ್ವಾ? ನಾಳೆ ತಾರಸಿ ಬಿರುಕು ಬಿಟ್ಟರೆ "ಓನರ್ ಕ್ಯೂರಿಂಗ್ ಸರಿಯಾಗಿ ಮಾಡಲಿಲ್ಲ" ಅಂತಾನೆ ಮೇಸ್ತ್ರಿ. ಕಾಂಕ್ರೀಟಿಗೆ ಇರುವ ಐಎಸ್ 456 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ತೇವ ಇರಬೇಕು. ಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ, ಅಥವಾ ಬಿಸಿಲು ಜಾಸ್ತಿ ಇದ್ದರೆ, 10 ದಿನ. ದಿನಾ ನೀರು ನಿಲ್ಲಿಸಿದ ಫೋಟೋ ತೆಗೆದಿಡಿ.

ಪಾಲಿಕೆಯ ಲೈಸೆನ್ಸ್ ಕೈಗೆ ಬರುವ ತನಕ ಪಾಯ ಬೇಡ. ಪ್ಲಾನಿನಲ್ಲಿ ಮನೆ ಸುತ್ತ ಬಿಟ್ಟ ಜಾಗವನ್ನು ಬಿಡಲೇಬೇಕು. "ಎಲ್ಲರೂ ಮಾಡ್ತಾರೆ" ಅಂತ ಮೇಸ್ತ್ರಿ ಅಂದಾನು. ನೋಟಿಸು ಬರುವುದು ಅವನಿಗಲ್ಲ, ನಿನಗೆ. 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಒಡೆಸುವ ಅಧಿಕಾರವೂ ಇದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಪ್ಲಾನಿನಂತೆ ಮುಗಿದ ಸರ್ಟಿಫಿಕೇಟು ನೋಡಿಯೇ ಕರೆಂಟು, ನೀರು ಕೊಡಬೇಕು ಅಂತ ಹೇಳಿದೆ. ನಿಮ್ಮ ಸೈಟಿನ ಅಳತೆಗೆ ಏನೇನು ಕಾಗದ ಬೇಕು ಅಂತ ಬೆಸ್ಕಾಂನಲ್ಲಿ ಈಗಲೇ ವಿಚಾರಿಸಿ.

ಸಂಪು ತೋಡುವಾಗ ಪಕ್ಕದ ಮನೆಯ ಗೋಡೆ ನೋಡಿಕೊಳ್ಳಿ. ಮಣ್ಣು ಕುಸಿದು ಅವರ ಗೋಡೆ ಬಿರುಕು ಬಿಟ್ಟರೆ ನಷ್ಟ ಕೊಡುವ ಹೊಣೆ ನಿಮ್ಮ ಮೇಲೆ ಬರುತ್ತದೆ. ತೋಡುವ ಮುಂಚೆ ಅವರನ್ನು ಕರೆದು, ಅವರೆದುರಿಗೇ ಗೋಡೆಯ ಫೋಟೋ ತೆಗೆಯಿರಿ.

ಕೆಲಸಗಾರರ ವಿಮೆ ಮಾಡಿಸಿದ್ದಾನಾ ಅಂತ ಮೇಸ್ತ್ರಿಯನ್ನು ಕೇಳು. ಮಾಡಿಸದಿದ್ದರೆ ಅದರ ಖರ್ಚು ನೀವೇ ಹಾಕಿ ಮಾಡಿಸಿ. ಮೇಲಿಂದ ಬಿದ್ದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇಲ್ಲದವರಿಗೆ ಮಾಡಿಸಿಕೊಳ್ಳಲು ಹೇಳು. ವರ್ಷದಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರಿಗೆ ಸಿಗುತ್ತದೆ. ಕಟ್ಟಡಗಳ ಮೇಲೆ ವಸೂಲಿ ಮಾಡುವ ಕಾರ್ಮಿಕರ ಸೆಸ್ ಹೋಗುವುದು ಅದಕ್ಕೇ.

ಇಷ್ಟಾದರೂ ಮನಸ್ತಾಪ ಬಂದರೆ ಕೂಗಾಡಬೇಡಿ, ನನ್ನ ಹಾಗೆ ಬೀಗವಂತೂ ಹಾಕಲೇಬೇಡಿ. ಕೆಟ್ಟ ಕೆಲಸವನ್ನು ಒಡೆಸುವ ಮುಂಚೆ ಬೇರೆ ಎಂಜಿನಿಯರ್ ಹತ್ತಿರ ವರದಿ ಬರೆಸಿ. ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ. ಕೆಲವರು ರೇರಾಗೆ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರಕ್ಕೆ, ಹೋಗಿ ಅಂತಾರೆ. ಸ್ವಂತ ಸೈಟಿನಲ್ಲಿ ಸ್ವಂತಕ್ಕೆ ಕಟ್ಟಿಸುವ ಒಂದು ಮನೆಗೆ ಅದು ಬರುವುದಿಲ್ಲ, ಅದು ಮಾರುವ ಬಿಲ್ಡರ್‌ಗಳಿಗೆ. ನಿಮ್ಮ ಜಾಗ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕರ ಕಾಯ್ದೆ ಮನೆ ಕಟ್ಟಿಕೊಡುವುದನ್ನೂ ಸೇವೆ ಅಂತ ಹೆಸರು ಹಿಡಿದೇ ಹೇಳಿದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ಆಗುತ್ತದೆ, 5 ಲಕ್ಷದೊಳಗಿದ್ದರೆ ಫೀಜೂ ಇಲ್ಲ. 2 ವರ್ಷದೊಳಗೆ ದೂರು ಕೊಡಬೇಕು, ಅದನ್ನು ಮರೆಯಬೇಡಿ.

ಬರುವ ಭಾನುವಾರ ಬೆಳಿಗ್ಗೆ ನಾನೇ ಸೈಟಿಗೆ ಬರುತ್ತೇನೆ. ಮೇಸ್ತ್ರಿಗೂ ಬರಲು ಹೇಳು. ಅಗ್ರಿಮೆಂಟಿನ ಕರಡನ್ನು ಅವನಿಗೆ ಓದಿ ಹೇಳೋಣ, ಅವನಿಗೆ ಬೇಕಾದ್ದನ್ನೂ ಸೇರಿಸೋಣ. ಅಲ್ಲಿಯವರೆಗೆ ಅಡ್ವಾನ್ಸು ಕೊಡಬೇಡ. ನಿಮ್ಮತ್ತೆ ಮಧ್ಯಾಹ್ನ ಊಟಕ್ಕೆ ಮುದ್ದೆ, ಉಪ್ಸಾರು ಮಾಡ್ತಾಳಂತೆ. ಮಕ್ಕಳನ್ನೂ ಕರೆದುಕೊಂಡು ಬಾ.

ನಿನ್ನ ಮಾವ