ಅಡ್ವಾ ಯುದ್ಧಕ್ಕೂ ಒಂದು ಪುಟ ಕೊಡಿ

ಮಾನ್ಯರೇ,

ಆಫ್ರಿಕಾದ ಇತಿಹಾಸ ಅಂದರೆ ಬರೀ ಸೋಲು, ಗುಲಾಮಗಿರಿ ಎಂದು ನಮ್ಮಲ್ಲಿ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1896ರ ಮಾರ್ಚ್ 1ರಂದು ಇಥಿಯೋಪಿಯಾದ ಅಡ್ವಾ ಬೆಟ್ಟಗಳ ನಡುವೆ ಇಟಲಿಯ ಸೇನೆ ಮಣ್ಣುಮುಕ್ಕಿತು.

ಜಗಳ ಶುರುವಾಗಿದ್ದು ಒಂದು ಕ್ರಿಯಾಪದದಿಂದ. ಇಟಲಿ ಮತ್ತು ಇಥಿಯೋಪಿಯಾ ಮಾಡಿಕೊಂಡ 1889ರ ವುಚಾಲೆ ಒಪ್ಪಂದದ 17ನೇ ಕಲಮನ್ನು ನೋಡಿ. ಬೇರೆ ದೇಶಗಳ ಜೊತೆ ವ್ಯವಹರಿಸಲು ಇಥಿಯೋಪಿಯಾದ ಚಕ್ರವರ್ತಿ ಮೆನೆಲಿಕ್ ಬೇಕಿದ್ದರೆ ಇಟಲಿಯ ನೆರವು ಪಡೆಯಬಹುದು ಎಂದು ಅಲ್ಲಿನ ಅಂಹಾರಿಕ್ ಭಾಷೆಯ ಪ್ರತಿಯಲ್ಲಿತ್ತು. ಇಟಾಲಿಯನ್ ಪ್ರತಿಯಲ್ಲಿ ಅದು ‘ಪಡೆಯಲೇಬೇಕು’ ಎಂದಾಗಿತ್ತು. ಅಷ್ಟಕ್ಕೇ ಒಂದು ದೇಶದ ಸ್ವಾತಂತ್ರ್ಯ ಹೋದ ಹಾಗೆ, ಅಲ್ವಾ? ಮೆನೆಲಿಕ್ ಆ ಒಪ್ಪಂದವನ್ನೇ ತಿರಸ್ಕರಿಸಿದರು.

ಯುದ್ಧದ ದಿನ ಮೆನೆಲಿಕ್ ಅವರ ಪತ್ನಿ ರಾಣಿ ತಾಯ್ತು ತಾವೇ ಸೈನಿಕರೊಂದಿಗೆ ರಣರಂಗದಲ್ಲಿದ್ದರು. ಅತ್ತ ಇಟಲಿಯ ಜನರಲ್ ಬರಾಟಿಯೆರಿಯ ಪಡೆಗಳು ಸರಿಯಿಲ್ಲದ ನಕ್ಷೆ ನಂಬಿ ರಾತ್ರಿಯೆಲ್ಲ ನಡೆದು, ಒಂದಕ್ಕೊಂದು ದೂರವಾಗಿದ್ದವು. ಬೆಳಗಾದ ಮೇಲೆ ಇಥಿಯೋಪಿಯಾದವರು ಅವುಗಳನ್ನು ಒಂದೊಂದಾಗಿ ಸೋಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಥಿಯೋಪಿಯಾ ಸ್ವತಂತ್ರ ದೇಶವೆಂದು ಇಟಲಿ ಒಪ್ಪಬೇಕಾಯಿತು.

ಯುರೋಪಿನ ಯುದ್ಧಗಳ ಇಸವಿಗಳನ್ನು ನಾವು ಬಾಯಿಪಾಠ ಮಾಡಿ ಬೆಳೆದವರು. ವಸಾಹತುಶಾಹಿಯ ನೋವು ನಮಗೂ ಗೊತ್ತು. ಹೈಸ್ಕೂಲಿನ ಪಠ್ಯದಲ್ಲಿ ಅಡ್ವಾಕ್ಕೆ ಒಂದು ಪುಟವಾದರೂ ಸಿಗಲಿ ಎಂದು ಪಠ್ಯ ರಚಿಸುವವರಲ್ಲಿ ಕೇಳಿಕೊಳ್ಳುತ್ತೇನೆ.

– ಓದುಗ, ಧಾರವಾಡ